ಕೂಳೆ ಕೀಳುವ ಕೆಲಸ

ನನ್ನ ಅಂಗಡಿಯ ಹಳೆಯ ರಸೀದಿ ಪುಸ್ತಕಗಳು ಒಂದು ರಟ್ಟಿನ ಡಬ್ಬದಲ್ಲಿವೆ. ‘ಫಾರ್ಮ್ಯಾಟ್ – 250’ ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ‘ಆ್ಯಂಟಿವೈರಸ್ ಸಿಡಿ’, ‘ಎಸ್‌ಎಂಪಿಎಸ್’, ‘ಕೀಬೋರ್ಡ್’ ಇವೂ ಇವೆ. ವೈರಸ್ ತೆಗೆದ ಮೇಲೆ ಮಾಡಿದ ಕೆಲಸಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಆ ಕೆಲಸಕ್ಕೆ ಹೆಸರೇ ಇರಲಿಲ್ಲ. ಹೆಸರಿಲ್ಲದ್ದಕ್ಕೆ ದುಡ್ಡು ಕೇಳುವುದು ಹೇಗೆ? ಹೊಸಪೇಟೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ನಾನು ಮಾಡಿದ ದುಡಿಮೆಯಲ್ಲಿ ಅರ್ಧ ಅದೇ. ಅದಕ್ಕೊಂದು ಹೆಸರು ಕೊಟ್ಟವರು ಕಂಪ್ಲಿಯ ರೈತರೊಬ್ಬರು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಈ ಕಸುಬಿಗೆ ಬಂದದ್ದು ಡಿಟಿಪಿಯಿಂದ. 1998ರಲ್ಲಿ ಕಾಲೇಜು ರಸ್ತೆಯ ಒಂದು ಅಂಗಡಿಯಲ್ಲಿ ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು ಟೈಪ್ ಮಾಡುತ್ತಿದ್ದೆ. 1999ರ ಏಪ್ರಿಲ್ 26, ಸೋಮವಾರ. ಮದುವೆ ಸೀಸನ್ನು, ಮೇಜಿನ ಮೇಲೆ ಕರಡು ಪ್ರತಿಗಳ ರಾಶಿ. ಬೆಳಿಗ್ಗೆ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ತೈವಾನಿನ ಚೆನ್ ಇಂಗ್‌-ಹೌ ಎಂಬ ವಿದ್ಯಾರ್ಥಿ ಬರೆದ ಸಿಐಎಚ್ ವೈರಸ್ ಅಂದು ಎಚ್ಚೆತ್ತಿತ್ತು. ಚೆರ್ನೋಬಿಲ್ ದುರಂತದ ದಿನವೇ ಎದ್ದಿತೆಂದು ಅದನ್ನು ಜಗತ್ತೆಲ್ಲ ಚೆರ್ನೋಬಿಲ್ ಅಂತಲೇ ಕರೆಯಿತು. ಡಿಸ್ಕಿನ ಮೊದಲ ಭಾಗವನ್ನು ಸೊನ್ನೆಯಿಂದ ತುಂಬಿ, ಸಾಧ್ಯವಾದ ಕಡೆ ಮದರ್‌ಬೋರ್ಡಿನ ಬಯೋಸ್ ಚಿಪ್ಪನ್ನೂ ಅಳಿಸಿಹಾಕುವುದು ಅದರ ಕೆಲಸ. ನಮ್ಮ ಮಾಲೀಕರು ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹಂಪಿ ಎಕ್ಸ್‌ಪ್ರೆಸ್ ಹತ್ತಿದರು, ಬೆಂಗಳೂರಿನ ಎಸ್.ಪಿ. ರಸ್ತೆಗೆ. ಮೂರು ದಿನ ನಾನು ಕಾರ್ಡಿನವರಿಗೆಲ್ಲ ಸಮಾಧಾನ ಹೇಳುತ್ತ ಕೂತೆ. ಒಬ್ಬರಂತೂ, ‘ವೈರಸ್ ಬಂದೈತಿ ಅಂತೀರಿ, ಮತ್ತ ನೀವು ಒಳಗ ಕುಂತೀರಲ್ಲ, ನಿಮಗೇನೂ ಆಗಂಗಿಲ್ಲೇನು?’ ಅಂತ ಕಾಳಜಿಯಿಂದಲೇ ಕೇಳಿದರು.

ಬೋರ್ಡು ಬಂತು, ಡಿಸ್ಕು ಹೊಸದು ಬಂತು. ಹಳೆಯ ಫೈಲುಗಳನ್ನಿಟ್ಟಿದ್ದ ಸಿಡಿಯನ್ನು ಮಾಲೀಕರು ಹಾಕಿದರು. ಆ ಸಿಡಿಯಲ್ಲೇ ಮತ್ತೆ ಸಿಐಎಚ್! ಅದನ್ನು ಹಿಡಿದದ್ದು ನಾನು, ಅದೂ ಆಕಸ್ಮಿಕವಾಗಿ. ಆ್ಯಂಟಿವೈರಸ್ ಫ್ಲಾಪಿಯನ್ನು ಮೊದಲು ಓಡಿಸಿ ನೋಡೋಣ ಅಂದದ್ದರಿಂದ. ರಿಪೇರಿ ಕಲಿಯಬೇಕು ಅನ್ನಿಸಿದ್ದು ಆ ಮಧ್ಯಾಹ್ನ.

ವೈರಸ್ಸಿಗೂ ರಿಪೇರಿ ಅಂಗಡಿಗೂ ಹಳೆಯ ನಂಟು. 1986ರಲ್ಲಿ ಐಬಿಎಂ ಪಿಸಿಗಳಿಗೆ ತಗುಲಿದ ಮೊದಲನೆಯದು ‘ಬ್ರೇನ್’. ಅದನ್ನು ಬರೆದವರು ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು. ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರು ಎಲ್ಲವನ್ನೂ ಅದರೊಳಗೇ ಬರೆದಿದ್ದರು. ಆಮೇಲೆ ಬಂದವರಲ್ಲಿ ಇಷ್ಟು ಮರ್ಯಾದಸ್ಥರನ್ನು ನಾನು ಕಾಣಲಿಲ್ಲ.

2002ರಲ್ಲಿ ಕಾಲೇಜು ರಸ್ತೆಯಲ್ಲೇ, ಮಹಡಿಯ ಮೇಲೆ, ಸ್ವಂತ ಅಂಗಡಿ ಹಾಕಿದೆ. ಮುಂದಿನ ವರ್ಷಗಳಲ್ಲಿ ಚೀನಾಕ್ಕೆ ಅದಿರು ಬೇಕಾಯಿತು, ಸಂಡೂರಿನ ಗುಡ್ಡಗಳಿಂದ ಲಾರಿಗಳ ಸಾಲು ಹಗಲೂ ರಾತ್ರಿ ಹೊಸಪೇಟೆ ದಾಟತೊಡಗಿತು. ದುಡ್ಡು ಓಡಾಡಿದ ಹಾಗೆಲ್ಲ ಮನೆಮನೆಗೆ ಅಸೆಂಬಲ್ಡ್ ಕಂಪ್ಯೂಟರ್ ಬಂತು. ಲಾರಿ ಮಾಲೀಕರು ಮಕ್ಕಳ ಓದಿಗೆಂದು ತೆಗೆದುಕೊಂಡರು; ಮಕ್ಕಳು ವೈಸ್ ಸಿಟಿ ಆಡಿದರು. ಸಂಡೂರಿನಿಂದ ಬಂದ ಕ್ಯಾಬಿನೆಟ್ ಬಿಚ್ಚಿದರೆ ಒಳಗೆಲ್ಲ ಕೆಂಧೂಳು, ಕುಂಕುಮದ ಭರಣಿ ಉರುಳಿಸಿದ ಹಾಗೆ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕಿನ ಸಂದುಗಳು ಮುಚ್ಚಿ, ಬಿಸಿ ಏರಿ, ಯಂತ್ರ ತಾನಾಗಿ ಆರಿಹೋಗುತ್ತಿತ್ತು. ಮನೆಯವರು ‘ವೈರಸ್ ರೀ’ ಅನ್ನುತ್ತಿದ್ದರು. ಬ್ಲೋವರ್ ಹಿಡಿದು ಮಹಡಿ ಮೆಟ್ಟಿಲ ಮೇಲೆ ಊದಿ, ರ್‍ಯಾಮಿನ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಹಾಕಿದರೆ ಅರ್ಧ ವೈರಸ್ಸುಗಳು ಹೋಗುತ್ತಿದ್ದವು. ಕೆಳಗಿನ ಬಟ್ಟೆ ಅಂಗಡಿಯವರು ಮಾತ್ರ ನನ್ನ ಮೇಲೆ ಸಿಟ್ಟಾಗಿದ್ದರು, ಅವರ ಬಿಳಿ ಪಂಚೆಗಳ ಮೇಲೆಲ್ಲ ದೇವಗಿರಿ ಗುಡ್ಡದ ಮಣ್ಣು.

ಆ ಕಾಲದ ವೈದ್ಯ ಒಂದೇ: ಫಾರ್ಮ್ಯಾಟ್. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಹುಳು ಬಂದಾಗ ಅದೂ ಸಾಲಲಿಲ್ಲ. ಇಂಟರ್‌ನೆಟ್ಟಿಗೆ ಹೋದ ಕೂಡಲೇ ಪರದೆಯ ಮೇಲೆ 60 ಸೆಕೆಂಡಿನ ಇಳಿಲೆಕ್ಕ ಶುರುವಾಗಿ ಯಂತ್ರ ಮುಚ್ಚಿಕೊಳ್ಳುವುದು. ಮೈಕ್ರೋಸಾಫ್ಟ್ ಅದಕ್ಕೆ ತೇಪೆಯನ್ನು ಜುಲೈನಲ್ಲೇ ಬಿಟ್ಟಿತ್ತು. ನಮ್ಮ ಡಯಲಪ್ಪಿನಲ್ಲಿ ಆ ತೇಪೆ ಇಳಿಯುವಷ್ಟರಲ್ಲಿ ಚಹಾ ಕಾಯಿಸಿ ಕುಡಿಯಬಹುದಿತ್ತು, ಯಂತ್ರ ಕೊಡುತ್ತಿದ್ದದ್ದು ಒಂದೇ ನಿಮಿಷ. ರನ್ ಡಬ್ಬಿಯಲ್ಲಿ ‘ಶಟ್‌ಡೌನ್’ ಎಂದು ಬರೆದು ಒಂದು ಅಡ್ಡಗೆರೆ, ಒಂದು ‘ಎ’ ಹಾಕಿದರೆ ಇಳಿಲೆಕ್ಕ ನಿಲ್ಲುತ್ತದೆ ಎಂಬ ಗುಟ್ಟು ಎಸ್.ಪಿ. ರಸ್ತೆಯ ಹುಡುಗನೊಬ್ಬ ಫೋನಿನಲ್ಲಿ ಹೇಳಿದ. ಆ ವಾರ ನಾನು ಹೊಸಪೇಟೆಯ ಮಂತ್ರವಾದಿ.

ಆಮೇಲೆ ಪೆನ್‌ಡ್ರೈವ್ ಬಂತು, ಅದರ ಜೊತೆಗೆ ಆಟೊರನ್ ವೈರಸ್ಸುಗಳ ಕಾಲ. ಪೆನ್‌ಡ್ರೈವಿನೊಳಗೆ ಆಟೊರನ್ ಎಂಬ ಪುಟ್ಟ ಬರಹದ ಫೈಲು. ಡ್ರೈವಿನ ಮೇಲೆ ಎರಡು ಸಲ ಒತ್ತಿದರೆ ಯಾವ ಪ್ರೋಗ್ರಾಂ ಓಡಬೇಕು ಎಂದು ಅದು ವಿಂಡೋಸಿಗೆ ಹೇಳುತ್ತದೆ. ಸಿಡಿ ಹಾಕಿದೊಡನೆ ಹಾಡು ಶುರುವಾಗಲಿ ಎಂದು ಮಾಡಿದ ಸವಲತ್ತು ಅದು. ವೈರಸ್ ತನ್ನ ಹೆಸರನ್ನು ಅಲ್ಲಿ ಬರೆದುಕೊಂಡಿತು. ಇಂಡೋನೇಷ್ಯಾದ ಬ್ರಾಂಟೋಕ್ ಬಂತು. ಫೋಲ್ಡರಿನ ಹಳದಿ ವೇಷ ಹಾಕಿದ ‘ನ್ಯೂ ಫೋಲ್ಡರ್’ ಬಂತು. 2007ರ ಹೊತ್ತಿಗೆ, ಆಗಿನ ಹುಡುಗರ ಹರಟೆತಾಣ ಆರ್ಕುಟ್ ತೆರೆದರೆ ‘ಆರ್ಕುಟ್ ನಿಷೇಧಿಸಲಾಗಿದೆ’ ಅಂತ ಗಹಗಹಿಸಿ ಕಿಟಕಿ ಮುಚ್ಚಿಬಿಡುವುದೊಂದು ಬಂತು. ಅದನ್ನು ನೋಡಿ ಪಟೇಲ್ ನಗರದ ತಾಯಿಯೊಬ್ಬರು, ‘ಇದೊಂದನ್ನ ಹಂಗ ಬಿಡ್ರಿ, ಉಳಿದವು ತೆಗೀರಿ’ ಅಂದರು.

ನನಗೆ ಇವುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಹಂಪಿಯಲ್ಲಿ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ಆಗ ಸಾಲು ಅಂಗಡಿ, ಅವುಗಳ ನಡುವೆ ಇಂಟರ್‌ನೆಟ್ ಸೆಂಟರು. ಬೇರೆ ಬೇರೆ ದೇಶದ ಪ್ರವಾಸಿಗಳು ಕ್ಯಾಮೆರಾದ ಕಾರ್ಡು ಚುಚ್ಚಿ ಫೋಟೊ ಸಿಡಿ ಮಾಡಿಸಿಕೊಳ್ಳುವರು. ಹಿಂದಿನ ಊರಿನಲ್ಲಿ ಅಂಟಿದ್ದನ್ನು ಇಲ್ಲಿ ಬಿಡುವರು, ಇಲ್ಲಿನದನ್ನು ಗೋವಾಕ್ಕೆ ಒಯ್ಯುವರು. ನದಿಯಾಚೆ ವಿರೂಪಾಪುರ ಗಡ್ಡೆಯ ಗೆಸ್ಟ್‌ಹೌಸುಗಳಿಂದಲೂ ಕರೆ ಬರುತ್ತಿತ್ತು. ಸಿಪಿಯುವನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ತುಂಗಭದ್ರೆ ದಾಟಿದ್ದೇನೆ. ಮಾನಿಟರು ತರಬೇಡಿ ಅಂತ ಎಷ್ಟು ಹೇಳಿದರೂ ಒಬ್ಬ ಅದನ್ನೂ ಹೊತ್ತು ತಂದಿದ್ದ, ವೈರಸ್ ಅದರಲ್ಲೇ ಕಾಣುತ್ತದೆ ಎಂಬ ನ್ಯಾಯದಿಂದ.

ಈಗ ಅಸಲು ವಿಷಯ. ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿ ಕೊಡುತ್ತಿದ್ದೆವು. ಗಿರಾಕಿ ಮನೆಗೆ ಹೋಗಿ ಸಿನಿಮಾ ನೋಡಲು ಡಿ ಡ್ರೈವಿನ ಮೇಲೆ ಎರಡು ಸಲ ಒತ್ತುವುದು, ಅಲ್ಲಿ ಕೂತಿದ್ದ ಆಟೊರನ್ ಎದ್ದು ಸಿಗೆ ಮತ್ತೆ ಹತ್ತುವುದು. ಸಂಜೆಗೇ ಫೋನು: ‘ಏನ್ ಮೇಡಂ, ಇನ್ನೂರೈವತ್ತು ತಗೊಂಡ್ರಿ, ಮತ್ತ ಅದೇ ಬಂತು.’ ಇನ್ನು ಫಾರ್ಮ್ಯಾಟ್ ಮಾಡದೆ ಆ್ಯಂಟಿವೈರಸ್ಸಿನಿಂದ ತೆಗೆದಿರೋ, ಆಗ ಉಲ್ಟಾ ತೊಂದರೆ. ವೈರಸ್ಸಿನ ಪ್ರೋಗ್ರಾಂ ಹೋಗಿರುತ್ತದೆ, ಆಟೊರನ್ ಚೀಟಿ ಉಳಿದಿರುತ್ತದೆ. ಡಿ ಮೇಲೆ ಒತ್ತಿದರೆ ಡ್ರೈವ್ ತೆರೆಯುವುದೇ ಇಲ್ಲ, ‘ಯಾವುದರಲ್ಲಿ ತೆರೆಯಲಿ’ ಎಂಬ ಪಟ್ಟಿ ಬರುತ್ತದೆ. ಯಂತ್ರ ಶುರುವಾದಾಗಲೆಲ್ಲ ‘ಇಂಥ ಫೈಲು ಸಿಗಲಿಲ್ಲ’ ಎಂಬ ಸಂದೇಶ, ಏಕೆಂದರೆ ಶುರುವಾಗುವವರ ಪಟ್ಟಿಯಲ್ಲಿ ಸತ್ತ ವೈರಸ್ಸಿನ ಹೆಸರು ಇನ್ನೂ ಇದೆ. ಟಾಸ್ಕ್ ಮ್ಯಾನೇಜರ್ ತೆರೆಯುವುದಿಲ್ಲ, ರಿಜಿಸ್ಟ್ರಿ ಎಡಿಟರ್ ತೆರೆಯುವುದಿಲ್ಲ, ಮೆನುವಿನಲ್ಲಿ ಫೋಲ್ಡರ್ ಆಪ್ಷನ್ಸ್ ಎಂಬುದೇ ಮಾಯ. ಅವುಗಳಿಗೆ ಬೀಗ ಹಾಕಿದ್ದು ವೈರಸ್. ಅದು ಸತ್ತರೂ ಬೀಗ ಹಾಗೇ. ಗಿರಾಕಿಗೆ ಇದೆಲ್ಲ ಕಾಣುವುದರಿಂದ ವೈರಸ್ ಇದೆ ಎಂದೇ ಅವನ ಲೆಕ್ಕ. ‘ಹೋಗಿದೆ, ಇದು ಅದರ ಕಸ’ ಅಂದರೆ ನಗುತ್ತಿದ್ದ.

ಆ ಕಸ ಗುಡಿಸುವುದನ್ನು ಯಾರೂ ಕಲಿಸಲಿಲ್ಲ. ಕಪ್ಪು ಪರದೆಯಲ್ಲಿ ‘ಆ್ಯಟ್ರಿಬ್’ ಎಂಬ ಆದೇಶ ಬರೆದು ಅಡಗಿಸಿಟ್ಟ ಫೋಲ್ಡರುಗಳನ್ನು ಹೊರಗೆ ತರುವುದನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ, ಮನೆಮದ್ದಿನ ಹಾಗೆ. ಪೆನ್‌ಡ್ರೈವಿನಲ್ಲಿ ಆಟೊರನ್ ಫೈಲಿನ ಪೂರ್ತಿ ಹೆಸರನ್ನೇ ಕೊಟ್ಟ ಫೋಲ್ಡರೊಂದನ್ನು ಮೊದಲೇ ಮಾಡಿಟ್ಟರೆ ಅದೇ ಹೆಸರಿನ ಫೈಲನ್ನು ವೈರಸ್ ಸುಲಭಕ್ಕೆ ಬರೆಯಲಾರದು ಎಂಬುದೂ ಅದರಲ್ಲಿದೆ. ಕೆಟ್ಟ ಕಣ್ಣು ಬೀಳದಿರಲಿ ಅಂತ ಮಗುವಿಗೆ ದೃಷ್ಟಿಬೊಟ್ಟು ಇಡುವಂತೆ ಕಾಲೇಜು ಹುಡುಗರ ಪೆನ್‌ಡ್ರೈವುಗಳಿಗೆಲ್ಲ ಅದನ್ನು ಇಟ್ಟು ಕಳಿಸುತ್ತಿದ್ದೆ.

ಕಂಪ್ಲಿಯ ಆ ರೈತರ ಮಗ ಎಂಜಿನಿಯರಿಂಗ್ ಓದುತ್ತಿದ್ದ. ಅವರ ಮನೆಯ ಎಕ್ಸ್‌ಪಿ ಯಂತ್ರವನ್ನು ನಾನು ಎರಡು ಸಲ ಶುದ್ಧ ಮಾಡಿ ಕಳಿಸಿದ್ದೆ. ಮೂರನೆಯ ಸಲ ಅಪ್ಪ ತಾವೇ ಬಸ್ಸಿನಲ್ಲಿ ತಂದರು. ಅವರೆದುರಿಗೇ ಸ್ಕ್ಯಾನ್ ಹಾಕಿದೆ. ವೈರಸ್ ಸಿಕ್ಕಿದ್ದು ‘ಸಿಸ್ಟಂ ವಾಲ್ಯೂಂ ಇನ್ಫರ್ಮೇಷನ್’ ಎಂಬ ಬಚ್ಚಿಟ್ಟ ಫೋಲ್ಡರಿನೊಳಗೆ. ಏನಿದು ಅಂದರು. ಯಂತ್ರ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲೆಂದು ವಿಂಡೋಸ್ ತಾನೇ ಆಗಾಗ ನಕಲು ತೆಗೆದಿಡುತ್ತದೆ, ರಿಸ್ಟೋರ್ ಪಾಯಿಂಟ್ ಅಂತ. ವೈರಸ್ ಇದ್ದಾಗ ತೆಗೆದ ನಕಲಿನಲ್ಲಿ ವೈರಸ್ಸೂ ಇರುತ್ತದೆ. ಆ ಫೋಲ್ಡರಿಗೆ ಆ್ಯಂಟಿವೈರಸ್ ಕೈಹಾಕಲು ಬಿಡುವುದಿಲ್ಲ. ನಿಮ್ಮ ಹುಡುಗ ಏನೋ ಸರಿಯಿಲ್ಲ ಅಂತ ಹಿಂದಕ್ಕೆ ಹೋದಾಗ ಅದೂ ವಾಪಸು ಬಂದಿದೆ ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: ‘ಅಲ್ಲ ತಂಗೀ, ಕಬ್ಬು ಕಡಿದ ಮ್ಯಾಲ ಬುಡ ಬಿಟ್ರ ಕೂಳೆ ಚಿಗೀತೈತಿ. ನಮಗದು ಬೇಕಾಗಿರತೈತಿ, ಬಿಡ್ತೀವಿ. ನೀನು ಕೊಳೆ ತೆಗದಿ, ಕೂಳೆ ಬಿಟ್ಟಿ.’

ಅಂದಿನಿಂದ ನನ್ನ ಅಂಗಡಿಯಲ್ಲಿ ಅದು ಕೂಳೆ ಕೆಲಸ. ಕೆಲಸದ ಹುಡುಗನಿಗೆ ‘ಕೂಳೆ ಕಿತ್ತೇನೋ?’ ಅಂದರೆ ಸಾಕು. ಹಳೆಯ ರಿಸ್ಟೋರ್ ಪಾಯಿಂಟುಗಳನ್ನು ಬಂದ್ ಮಾಡಿ ಅಳಿಸುವುದು, ಯಂತ್ರ ಮತ್ತೆ ಶುರು ಮಾಡಿ ಶುದ್ಧವಾದ ಹೊಸದೊಂದನ್ನು ಇಡುವುದು. ಟೆಂಪರರಿ ಫೈಲು ಗುಡಿಸುವುದು. ಬೀಗ ಹಾಕಿದ್ದನ್ನೆಲ್ಲ ತೆರೆಯುವುದು. ಇಷ್ಟಾದ ಮೇಲೆ ನಾವು ತಂದ ಸಲಕರಣೆಗಳನ್ನೇ ತೆಗೆಯುವುದು. ಇದನ್ನು ಮರೆಯುವವರೇ ಹೆಚ್ಚು. ಆಗ ಕಾಂಬೋಫಿಕ್ಸ್ ಎಂಬ ಪುಕ್ಕಟೆ ಸಲಕರಣೆ ನಮ್ಮ ಕಸುಬಿನ ಕೊಡಲಿಯಾಗಿತ್ತು. ಕಿತ್ತ ಫೈಲುಗಳನ್ನು ‘ಕ್ಯೂಬಾಕ್ಸ್’ ಎಂಬ ಫೋಲ್ಡರಿನಲ್ಲಿ ತುಂಬಿಡುತ್ತಿತ್ತು. ಕಾಂಬೋಫಿಕ್ಸಿನ ಹೆಸರು ಬರೆದು ಮುಂದೆ ಓರೆಗೆರೆ ಹಾಕಿ ‘ಅನ್‌ಇನ್‌ಸ್ಟಾಲ್’ ಅಂದರೆ ತಾನೂ ಹೋಗಿ ಹಳೆಯ ರಿಸ್ಟೋರ್ ಪಾಯಿಂಟುಗಳನ್ನೂ ಒಯ್ಯುತ್ತಿತ್ತು. ಅದನ್ನು ಬಿಟ್ಟುಬಂದರೆ ಮುಂದಿನ ತಿಂಗಳು ಮನೆಯ ಆ್ಯಂಟಿವೈರಸ್ ಆ ಫೋಲ್ಡರಿಗೇ ಬೊಗಳುವುದು. ಇನ್ನು ಒಂದೇ ಯಂತ್ರದಲ್ಲಿ ಎರಡು ಆ್ಯಂಟಿವೈರಸ್ ಹಾಕಿದ ಮನೆಗಳ ಪಾಡು ಹೇಳುವುದೇ ಬೇಡ, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು.

ನನ್ನ ತಪ್ಪುಗಳನ್ನೂ ಹೇಳಬೇಕು. ಕಂಪ್ಲಿಯ ಒಬ್ಬ ಅಕ್ಕಿ ವ್ಯಾಪಾರಿಯ ಯಂತ್ರವನ್ನು, ಡೆಸ್ಕ್‌ಟಾಪಿನಲ್ಲಿ ಇದ್ದುದನ್ನೆಲ್ಲ ಉಳಿಸಿಕೊಂಡು, ಫಾರ್ಮ್ಯಾಟ್ ಮಾಡಿದೆ. ಟ್ಯಾಲಿಯ ಲೆಕ್ಕ ಸಿ ಡ್ರೈವಿನೊಳಗೆ ಅದರದೇ ಡೇಟಾ ಫೋಲ್ಡರಿನಲ್ಲಿ ಇರುತ್ತದೆ ಎಂಬುದು ಗೊತ್ತಿದ್ದೂ ಅವತ್ತು ಮರೆತೆ. ಎರಡು ವರ್ಷದ ಲೆಕ್ಕ ಹೋಯಿತು. ಅವರ ಮುದಿ ಗುಮಾಸ್ತರು ಕಂಪ್ಯೂಟರನ್ನು ಒಂದು ದಿನವೂ ನಂಬದೆ ಕಿರ್ದಿ, ಖಾತೆ ಕೈಯಲ್ಲಿ ಬರೆಯುತ್ತಲೇ ಇದ್ದರು. ನಾನು ಭಾನುವಾರಗಳಂದು ಕಂಪ್ಲಿಗೆ ಹೋಗಿ ಕೂತು ಅವನ್ನೆಲ್ಲ ಮತ್ತೆ ಏರಿಸಿಕೊಟ್ಟೆ. ಆ ಮುದುಕರು ಪುಟ ತಿರುಗಿಸುತ್ತ ಓದಿ ಹೇಳುವಾಗ ಅವರ ದನಿಯಲ್ಲಿದ್ದ ಸಂತೋಷವನ್ನು ಕ್ಷಮಿಸಿದ್ದೇನೆ.

ಇನ್ನೊಮ್ಮೆ, ಪಿಎಚ್‌.ಡಿ. ಮಾಡುತ್ತಿದ್ದ ಹುಡುಗಿ ಅಳುತ್ತ ಬಂದಳು. ನಾನು ಶುದ್ಧ ಮಾಡಿ ಕಳಿಸಿದ ಯಂತ್ರದಲ್ಲಿ ಪ್ರಬಂಧದ ಫೈಲೇನೋ ಇತ್ತು, ಒಳಗೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರ, ಡಾಲರು, ಅಲ್ಪವಿರಾಮ, ಎಲ್ಲ ಕಲಸುಮೇಲೋಗರ. ವೈರಸ್ ಅಕ್ಷರ ತಿಂದಿದೆ ಅಂದಳು. ತಿಂದದ್ದು ನಾನು. ಗಣಕ ಪರಿಷತ್ತಿನ ‘ನುಡಿ’ಯ ಅಕ್ಷರಗಳು ಆಗ ಯುನಿಕೋಡಿನವಲ್ಲ, ಇಂಗ್ಲಿಷಿನ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು. ಫಾಂಟು ಇಲ್ಲದಿದ್ದರೆ ಬಾಡಿಗೆದಾರ ಹೋಗಿ ಮನೆ ಮಾಲೀಕ ಕಾಣುತ್ತಾನೆ. ನುಡಿಯ ಸಿಡಿ ಹಾಕಿ ಎರಡು ನಿಮಿಷದಲ್ಲಿ ಪ್ರಬಂಧ ತೋರಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ಮರುದಿನದಿಂದ ಮೊದಲ ಸಾಲು: ‘ಫಾಂಟು ನೋಡು.’ ಆ್ಯಂಟಿವೈರಸ್ ಕಂಪನಿಗಳ ಯಾವ ಕೈಪಿಡಿಯಲ್ಲೂ ಇದನ್ನು ಕಂಡಿಲ್ಲ.

2011ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಕಳಿಸಿ ಹಳೆಯ ವಿಂಡೋಸುಗಳಲ್ಲೂ ಪೆನ್‌ಡ್ರೈವಿನ ಆಟೊರನ್ ನಿಲ್ಲಿಸಿತು. ಊರ ತುಂಬ ಇದ್ದದ್ದು ಅಪ್‌ಡೇಟ್ ಬಂದ್ ಮಾಡಿಟ್ಟ ಕಳ್ಳಪ್ರತಿಗಳು. ಹಾಕಿಕೊಟ್ಟವರು ನಮ್ಮಂಥವರೇ, ಮುಚ್ಚಿಡುವುದೇನು? ಆದ್ದರಿಂದ ಅದು ನಮ್ಮ ಮನೆಗಳಿಗೆ ತಲುಪಿದ್ದು ನಿಧಾನ. ಆದರೆ ಆ ವರ್ಷ ನಮ್ಮ ಕಸುಬನ್ನು ತಿರುಗಿಸಿದ್ದು ಬೇರೆಯೇ. ಜುಲೈ ಕೊನೆಯ ವಾರ ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದರ ಹಿಂದೆಯೇ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದೇ ದಿನಗಳಲ್ಲಿ ಹಂಪಿ ಬಜಾರಿನ ಅಂಗಡಿ, ಮನೆಗಳನ್ನು ಜೆಸಿಬಿ ಕೆಡವಿತು. ಒಂದೇ ವಾರದಲ್ಲಿ ನನ್ನ ಎರಡು ಬಗೆಯ ಗಿರಾಕಿಗಳೂ ಹೋದರು, ಅವರ ಯಂತ್ರಗಳು ಮಾತ್ರ ಬಂದವು. ಸಾರಿಗೆ ಆಫೀಸುಗಳು, ಇಂಟರ್‌ನೆಟ್ ಸೆಂಟರುಗಳು ಮಾರಿದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರುಗಳು ಅಂಗಡಿಯ ಮೂಲೆಯಲ್ಲಿ ಆಳೆತ್ತರ ನಿಂತವು. ಚಿತ್ತವಾಡ್ಗಿಯ, ಅಮರಾವತಿಯ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಹೋದದ್ದು ಆ ರಾಶಿಯಿಂದ.

ಅವನ್ನು ಮನೆಗೆ ಕೊಡುವ ಮೊದಲು ಮಾಡಿದ ಕೂಳೆ ಕೆಲಸ ಬೇರೆ ಥರದ್ದು. ಅಲ್ಲಿ ಉಳಿದಿದ್ದದ್ದು ವೈರಸ್ಸಿನ ಕಸವಲ್ಲ, ಮನುಷ್ಯರದು. ಲಾರಿ ನಂಬರುಗಳ ಪಟ್ಟಿ, ಟ್ರಿಪ್ ಲೆಕ್ಕ, ಯಾರದೋ ಪಾಸ್‌ಪೋರ್ಟಿನ ಸ್ಕ್ಯಾನು, ಮಗಳ ನಾಮಕರಣದ ಫೋಟೊ. ಬರೀ ಫಾರ್ಮ್ಯಾಟ್ ಮಾಡಿದರೆ ಫೈಲು ಹೋಗುವುದಿಲ್ಲ, ವಿಳಾಸ ಮಾತ್ರ ಹೋಗುತ್ತದೆ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯಬೇಕು. ಒಂದೊಂದಕ್ಕೂ ಗಂಟೆಗಟ್ಟಲೆ ಹಿಡಿಯುತ್ತಿತ್ತು, ರಾತ್ರಿ ಹಚ್ಚಿಟ್ಟು ಮನೆಗೆ ಹೋಗುತ್ತಿದ್ದೆ. ಸಿಐಎಚ್ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನಲ್ಲ ಅಂತ ಒಂದು ರಾತ್ರಿ ನಗು ಬಂದಿತ್ತು.

2012ರ ಜುಲೈ 9, ಮತ್ತೆ ಸೋಮವಾರ. ಸಂಡೂರಿನ ಒಬ್ಬ ಮೇಷ್ಟ್ರ ಮನೆಯಲ್ಲಿ ಇಂಟರ್‌ನೆಟ್ ದೀಪ ಉರಿಯುತ್ತಿದ್ದರೂ ಒಂದು ಪುಟವೂ ತೆರೆಯಲಿಲ್ಲ. ಅವರ ಯಂತ್ರದಿಂದ ವೈರಸ್ ತೆಗೆದು ತಿಂಗಳುಗಳಾಗಿದ್ದವು, ತೆಗೆದವಳು ನಾನೇ. ಡಿಎನ್‌ಎಸ್‌ಚೇಂಜರ್ ಎಂಬ ಅದು ಯಂತ್ರಕ್ಕೆ ದಾರಿ ಹೇಳುವ ಸರ್ವರಿನ ವಿಳಾಸವನ್ನೇ ಬದಲಿಸಿ ತನ್ನ ಕಳ್ಳ ಸರ್ವರಿನ ವಿಳಾಸ ಬರೆದಿಟ್ಟಿತ್ತು. ಅದರ ಹಿಂದಿದ್ದ ಎಸ್ಟೋನಿಯಾದ ಗುಂಪು 2011ರ ನವೆಂಬರಿನಲ್ಲಿ ಸಿಕ್ಕಿಬಿತ್ತು. ಜಗತ್ತಿನಲ್ಲಿ 40 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ತಗುಲಿತ್ತೆಂದು ಅಮೆರಿಕದ ಎಫ್‌ಬಿಐ ಹೇಳಿತು. ಒಮ್ಮೆಗೇ ಎಲ್ಲರ ಇಂಟರ್‌ನೆಟ್ ನಿಲ್ಲಬಾರದೆಂದು ಆ ಸರ್ವರುಗಳ ಜಾಗದಲ್ಲಿ ಒಳ್ಳೆಯವನ್ನು ಇಟ್ಟು ಕೋರ್ಟಿನ ಅಪ್ಪಣೆಯಂತೆ ನಡೆಸಿದರು, ಜುಲೈ 9ಕ್ಕೆ ಆರಿಸಿದರು. ಮೇಷ್ಟ್ರ ಯಂತ್ರ ಅಷ್ಟು ದಿನ ಅಮೆರಿಕದ ಕೋರ್ಟಿನ ದಯೆಯಲ್ಲಿ ದಾರಿ ಕೇಳುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ. ವಿಳಾಸ ಸರಿ ಮಾಡಲು ಒಂದು ನಿಮಿಷ. ಬಸ್ ಚಾರ್ಜು ನನ್ನದು.

2017ರ ಫೆಬ್ರವರಿ 21ರಂದು ಕೇಂದ್ರ ಸರ್ಕಾರವೇ ‘ಸೈಬರ್ ಸ್ವಚ್ಛತಾ ಕೇಂದ್ರ’ ಅಂತ ತೆರೆದು ಪುಕ್ಕಟೆ ಸಲಕರಣೆ ಕೊಡತೊಡಗಿತು. ಹೆಸರು ಕೇಳಿ ಖುಷಿಯಾಯಿತು. ಕೊನೆಗೂ ನಮ್ಮ ಕೆಲಸಕ್ಕೆ ದಿಲ್ಲಿಯಲ್ಲಿ ಬೋರ್ಡು ಬಿತ್ತು. ಅದೇ ವರ್ಷ ಮೇ 12ಕ್ಕೆ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಹಬ್ಬಿತು. ಅದು ನನ್ನ ಅಂಗಡಿಗೆ ಬರಲಿಲ್ಲ. ಎರಡು ವರ್ಷದ ನಂತರ ‘ಸ್ಟಾಪ್’ ಎಂಬ ಸಂತತಿಯದು ಸಂಡೂರಿನ ಫೋಟೊ ಸ್ಟುಡಿಯೊ ಒಂದರ ಯಂತ್ರದಲ್ಲಿ ಬಂತು, ಕಳ್ಳ ಸಾಫ್ಟ್‌ವೇರಿನ ಬೆನ್ನೇರಿ. ಮದುವೆ ಆಲ್ಬಮ್ಮುಗಳಿಗೆಲ್ಲ ಬೀಗ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರು, 72 ಗಂಟೆಯೊಳಗಾದರೆ 490. ರಿಯಾಯಿತಿ ಕೊಡುವ ಕಳ್ಳರನ್ನು ಅವತ್ತೇ ನೋಡಿದ್ದು. ವೈರಸ್ ತೆಗೆದೆ. ಸಹಾಯ ಕೊಡುವ ತಾಣಗಳಿಗೆ ದಾರಿ ಮುಚ್ಚಿ ಹೋಸ್ಟ್ಸ್ ಫೈಲಿನಲ್ಲಿ ಅದು ಬರೆದಿದ್ದ ಸಾಲುಗಳನ್ನು ಅಳಿಸಿದೆ. ಜೊತೆಗೆ ಪಾಸ್‌ವರ್ಡ್ ಕದಿಯುವುದನ್ನೂ ಅದು ಕರೆತರುತ್ತದೆ, ಹಾಗಾಗಿ ಮೇಲ್, ಬ್ಯಾಂಕು ಎಲ್ಲದರ ಪಾಸ್‌ವರ್ಡನ್ನು ಬೇರೆ ಯಂತ್ರದಲ್ಲಿ ಕೂತು ಬದಲಿಸಿ ಅಂದೆ. ಫೋಟೊಗಳಿಗೆ ಏನೂ ಮಾಡಲಾಗಲಿಲ್ಲ. ಕೂಳೆ ಕೀಳಬಹುದು, ಕಡಿದ ಕಬ್ಬನ್ನು ನಿಲ್ಲಿಸುವುದಾಗದು. ಸ್ಟುಡಿಯೊದವರು ಬೀಗ ಬಿದ್ದ ಫೈಲುಗಳನ್ನು ಒಂದು ಡಿಸ್ಕಿಗೆ ತುಂಬಿ ಬೀರುವಿನಲ್ಲಿಟ್ಟಿದ್ದಾರೆ, ಎಂದಾದರೂ ಕೀಲಿ ಸಿಕ್ಕೀತೆಂದು.

ಈಗ ಕೆಲಸ ಕಡಿಮೆ. ವಿಂಡೋಸಿನಲ್ಲೇ ಆ್ಯಂಟಿವೈರಸ್ ಇದೆ, ‘ರಿಸೆಟ್’ ಎಂಬ ಗುಂಡಿಯೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ನಾಲ್ಕು ದಿನ ಫೋನು ಬಂದವು. ಉಳಿದಂತೆ ಬರುವುದು ಮೊಬೈಲು. ಅದಕ್ಕೆ ಪಕ್ಕದ ಹುಡುಗರಿದ್ದಾರೆ. ಹೊಸಪೇಟೆ ಈಗ ವಿಜಯನಗರ ಜಿಲ್ಲೆಯ ಕೇಂದ್ರ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಸಂಡೂರಿನಿಂದ ಬರುವ ಕ್ಯಾಬಿನೆಟ್ಟಿನ ಧೂಳು ಈಗಲೂ ಕೆಂಪೇ.

ರಸೀದಿ ಪುಸ್ತಕದ ಡಬ್ಬದಲ್ಲಿ ಒಂದು ಸಿಡಿ ಇದೆ. 2011ರ ಆ ರಾಶಿಯ ಒಂದು ಡಿಸ್ಕಿಗೆ ಸೊನ್ನೆ ಬರೆಯುವ ಮೊದಲು ಇಳಿಸಿಕೊಂಡದ್ದು: ಹಂಪಿ ಬಜಾರಿನ ಒಂದು ಮನೆಯವರ ಫೋಟೊಗಳು, ಬಾಗಿಲ ಮುಂದೆ ರಂಗೋಲಿ, ಹಿಂದೆ ಕಲ್ಲಿನ ಕಂಬ, ಮೆಟ್ಟಿಲ ಮೇಲೆ ಮೂರು ಮಕ್ಕಳು. ಯಂತ್ರ ತಂದ ದಲ್ಲಾಳಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಎರಡು ಸಲ ಹಂಪಿಗೆ ಒಯ್ದು ತೋರಿಸಿ ಕೇಳಿದೆ. ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೂ ಇಲ್ಲ. ಹಳೆಯ ಡ್ರೈವ್ ಒಂದನ್ನು ಅದಕ್ಕೆಂದೇ ಉಳಿಸಿಕೊಂಡಿದ್ದೇನೆ.